ಪೈಥಾನ್ ಓಆರ್‌ಎಂ, ಅದರಲ್ಲೂ ಎಸ್‌ಕ್ಯೂಎಲ್‌ಆಲ್ಕೆಮಿ: ಪದೇ ಪದೇ ಕೇಳೋ ಪ್ರಶ್ನೆಗಳು

ಎಸ್‌ಕ್ಯೂಎಲ್‌ಆಲ್ಕೆಮಿ ಅಂದ್ರೆ ಪೈಥಾನ್‌ನಿಂದ ಡೇಟಾಬೇಸ್ ಜೊತೆ ಕೆಲಸ ಮಾಡೋಕೆ ಇರೋ ಲೈಬ್ರರಿ. ಟೀಮ್‌ಗೆ ಹೊಸಬರು ಬಂದಾಗೆಲ್ಲ ಇದೇ ಪ್ರಶ್ನೆಗಳು ಬರ್ತವೆ, ಚಾಟ್‌ನಲ್ಲಿ ಪ್ರತಿ ಸಲ ಟೈಪ್ ಮಾಡಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದೀನಿ. ಉದಾಹರಣೆಗೆ ಎಲ್ಲಾ ಕಡೆ ಒಂದೇ ಆಪ್ ಇಟ್ಕೊಂಡಿದೀನಿ, ಊರಿನ ಹಾಲಿನ ಡೈರಿ. ಸದಸ್ಯರಿಗೆ ಒಂದು ಟೇಬಲ್ಲು, ಅವರು ಬೆಳಿಗ್ಗೆ ಸಾಯಂಕಾಲ ಹಾಕೋ ಹಾಲಿಗೆ ಇನ್ನೊಂದು ಟೇಬಲ್ಲು, ಅದರಲ್ಲಿ ಲೀಟರ್, ಫ್ಯಾಟು, ಎಸ್‌ಎನ್‌ಎಫ್ (ಹಾಲಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ರೇಟು. ಇದನ್ನ ನಾನು ನಿಜವಾಗ್ಲೂ ಬರೆದಿದ್ದೆ, ನಮ್ಮ ಚಿಕ್ಕಪ್ಪ ಡೈರಿ ಲೆಕ್ಕ ನೋಡ್ಕೋತಿದ್ದಾಗ. ಅವಾಗ ನಾನು ಮಾಡಿದ ತಪ್ಪುಗಳೇ ಕೆಳಗಿರೋ ಅರ್ಧ ಉತ್ತರ.

ಓಆರ್‌ಎಂ ಅಂದ್ರೆ ಏನು ಸರ್, ಸಿಂಪಲ್ ಆಗಿ ಹೇಳಿ

ಪೈಥಾನ್ ಕಡೆ ಕ್ಲಾಸು, ಡೇಟಾಬೇಸ್ ಕಡೆ ಟೇಬಲ್ಲು. ಒಂದು ಆಬ್ಜೆಕ್ಟ್ ಅಂದ್ರೆ ಒಂದು ರೋ, ಒಂದು ಆಟ್ರಿಬ್ಯೂಟ್ ಅಂದ್ರೆ ಒಂದು ಕಾಲಂ. ಎರಡರ ಮಧ್ಯ ನಿಂತು ಈ ಕಡೆ ಮಾತು ಆ ಕಡೆಗೆ ತಲುಪಿಸೋನೇ ಓಆರ್‌ಎಂ, ಅಂದ್ರೆ ಆಬ್ಜೆಕ್ಟ್ ರಿಲೇಶನಲ್ ಮ್ಯಾಪರ್. ಕೇಳೋಕೆ ಸುಲಭ, ಆದ್ರೆ ಎರಡೂ ಕಡೆಯ ಸ್ವಭಾವ ಬೇರೆ ಬೇರೆ. ಪೈಥಾನ್‌ನಲ್ಲಿ ಸದಸ್ಯನ ಹತ್ರ ಅವನ ಹಾಲಿನ ಎಂಟ್ರಿಗಳ ಲಿಸ್ಟ್ ಇರುತ್ತೆ, ಡೇಟಾಬೇಸ್‌ನಲ್ಲಿ ಉಲ್ಟಾ, ಸದಸ್ಯನ ರೋನಲ್ಲಿ ಏನೂ ಇರಲ್ಲ, ಪ್ರತಿ ಹಾಲಿನ ಎಂಟ್ರಿನೇ ನಾನು ಇಂಥವನದ್ದು ಅಂತ ಫಾರಿನ್ ಕೀ ಇಟ್ಕೊಂಡಿರುತ್ತೆ. ಈ ಉಲ್ಟಾ ಇರೋದನ್ನ ಮುಚ್ಚಿಡೋಕೆ ಹೋಗೋದ್ರಿಂದಲೇ ಮುಂದಿನ ತಲೆನೋವೆಲ್ಲ ಹುಟ್ಟೋದು.

ಜಾಂಗೋದಲ್ಲೇ ಓಆರ್‌ಎಂ ಇದ್ಯಲ್ಲ, ಮತ್ತೆ ಎಸ್‌ಕ್ಯೂಎಲ್‌ಆಲ್ಕೆಮಿ ಯಾಕೆ?

ಜಾಂಗೋ ಅಂದ್ರೆ ವೆಬ್‌ಸೈಟ್ ಕಟ್ಟೋ ಪೈಥಾನ್ ಫ್ರೇಮ್‌ವರ್ಕ್. ಜಾಂಗೋ ಪ್ರಾಜೆಕ್ಟ್ ಆಗಿದ್ರೆ ಜಾಂಗೋದ್ದೇ ಬಳಸಿ, ಸುಮ್ನೆ ಜಗಳ ಬೇಡ. ಜಾಂಗೋ ಅಮೆರಿಕಾದ ಕಾನ್ಸಸ್‌ನ ಒಂದು ನ್ಯೂಸ್‌ಪೇಪರ್ ಆಫೀಸಲ್ಲಿ ಹುಟ್ಟಿ 2005ರಲ್ಲಿ ಹೊರಗೆ ಬಂತು, ಬೇಗ ಬೇಗ ಸೈಟ್ ಎಬ್ಬಿಸಬೇಕು ಅನ್ನೋ ಅವಸರ ಅದರ ಓಆರ್‌ಎಂನಲ್ಲೂ ಕಾಣುತ್ತೆ. ಅಲ್ಲಿ ಆಬ್ಜೆಕ್ಟಿಗೇ ಸೇವ್ ಅನ್ನೋ ಮೆಥಡ್ ಇರುತ್ತೆ, ತನ್ನನ್ನ ತಾನೇ ಟೇಬಲ್‌ಗೆ ಬರ್ಕೊಳುತ್ತೆ. ಇದಕ್ಕೆ ಆಕ್ಟಿವ್ ರೆಕಾರ್ಡ್ ಅಂತಾರೆ.

ಎಸ್‌ಕ್ಯೂಎಲ್‌ಆಲ್ಕೆಮಿನ ಮೈಕ್ ಬೇಯರ್ 2006ರಲ್ಲಿ ರಿಲೀಸ್ ಮಾಡಿದ್ದು. ಅದು ಡೇಟಾ ಮ್ಯಾಪರ್ ದಾರಿ ಹಿಡೀತು, ಅಂದ್ರೆ ಬರೆಯೋ ಕೆಲಸ ಆಬ್ಜೆಕ್ಟಿಂದಲ್ಲ, ಪಕ್ಕದಲ್ಲಿರೋ ಸೆಶನ್‌ದು (ಅದೇನು ಅಂತ ಕೆಳಗಡೆ ಹೇಳ್ತೀನಿ). ಒಳಗೆ ಎರಡು ಅಂತಸ್ತು ಇದೆ, ಕೆಳಗಡೆ ಕೋರ್, ಅದು ಎಸ್‌ಕ್ಯೂಎಲ್‌ನ (ಡೇಟಾಬೇಸ್ ಜೊತೆ ಮಾತಾಡೋ ಭಾಷೆ) ಪೈಥಾನ್‌ನಲ್ಲಿ ಕಟ್ಟೋಕೆ, ಮೇಲ್ಗಡೆ ಓಆರ್‌ಎಂ. ಮೇಲಿನದು ಬೇಡ ಅಂದ್ರೆ ಕೆಳಗಿನದಷ್ಟೇ ಬಳಸಬಹುದು, ನನಗೆ ಇಷ್ಟ ಆಗೋದೇ ಇದು. ಫ್ಲಾಸ್ಕ್, ಫಾಸ್ಟ್‌ಎಪಿಐ ಥರದ ಬೇರೆ ವೆಬ್ ಫ್ರೇಮ್‌ವರ್ಕಲ್ಲಿ ಆಪ್, ಅಥವಾ ರಾತ್ರಿ ಓಡೋ ಸ್ಕ್ರಿಪ್ಟ್ ಬರೀತಿದ್ರೆ ಇದನ್ನೇ ತಗೊಳ್ಳಿ. ಚಿಕ್ಕ ಕೆಲಸಕ್ಕೆ ಪೀವೀ ಅನ್ನೋ ಪುಟ್ಟ ಓಆರ್‌ಎಂ ಕೂಡ ಚೆನ್ನಾಗಿದೆ. ಎಸ್‌ಕ್ಯೂಎಲ್‌ಮಾಡೆಲ್ ಅಂತ ಬರೋದು ಇದೇ ಎಸ್‌ಕ್ಯೂಎಲ್‌ಆಲ್ಕೆಮಿಗೆ ಪೈಡ್ಯಾಂಟಿಕ್ (ಡೇಟಾ ಸರಿ ಇದ್ಯಾ ಅಂತ ಚೆಕ್ ಮಾಡೋ ಲೈಬ್ರರಿ) ಸೇರಿಸಿರೋದು, ಒಳಗಿನ ಇಂಜಿನ್ ಅದೇ, ಹಾಗಾಗಿ ಕೆಳಗಿರೋ ತೊಂದರೆಗಳೂ ಅವೇ.

ಎಸ್‌ಕ್ಯೂಎಲ್ ಕಲೀದೇ ನಡಿಯುತ್ತಾ?

ಇಲ್ಲ. ಇಂಜಿನ್ (ಡೇಟಾಬೇಸ್‌ಗೆ ಕನೆಕ್ಷನ್ ಕೊಡೋ ಆಬ್ಜೆಕ್ಟ್) ಮಾಡೋವಾಗ ಎಕೋ ಅನ್ನೋದನ್ನ ಟ್ರೂ ಅಂತ ಕೊಡಿ, ಹೋಗೋ ಪ್ರತಿಯೊಂದು ಎಸ್‌ಕ್ಯೂಎಲ್ಲೂ ಟರ್ಮಿನಲ್‌ನಲ್ಲಿ ಬಂದು ಬೀಳುತ್ತೆ. ಹೊಸಬರು ಮೊದಲ ತಿಂಗಳು ಇದನ್ನ ಆಫ್ ಮಾಡಬಾರದು ಅನ್ನೋದು ನಮ್ಮ ಟೀಮಲ್ಲಿ ನಾನು ಹಾಕಿರೋ ಒಂದೇ ರೂಲು. ಕಿರಿಕಿರಿ ಆಗುತ್ತೆ ಅಂತಾರೆ, ಆಗ್ಲಿ. ಕೆಳಗಡೆ ಹೇಳೋ ಸಮಸ್ಯೆಗಳಲ್ಲಿ ಬಹುಪಾಲು ಅದನ್ನ ಐದು ನಿಮಿಷ ಓದಿದ್ರೇ ಗೊತ್ತಾಗಿಬಿಡುತ್ತೆ. ಪ್ರೊಡಕ್ಷನ್‌ನಲ್ಲಿ ಮಾತ್ರ ಮರೀದೇ ಆಫ್ ಮಾಡಿ, ಲಾಗ್ ಫೈಲ್ ಡಿಸ್ಕ್ ತುಂಬಿಸಿ ಸರ್ವರ್ ಮಲಗಿಸುತ್ತೆ.

ಯೂಟ್ಯೂಬ್‌ನಲ್ಲಿ ನೋಡಿದ ಕೋಡ್ ಬೇರೆ ಥರ ಇದೆ, ಡಾಕ್ಯುಮೆಂಟೇಶನ್‌ನಲ್ಲಿ ಬೇರೆ ಥರ ಇದೆ, ಯಾವುದು ಸರಿ?

2023ರ ಜನವರಿಯಲ್ಲಿ ಎಸ್‌ಕ್ಯೂಎಲ್‌ಆಲ್ಕೆಮಿ 2.0 ಬಂತು, ಅಲ್ಲಿಂದ ಬರೆಯೋ ರೀತಿ ಬದಲಾಯ್ತು. ಹಳೇ ಕೋಡಲ್ಲಿ ಸೆಶನ್ ಡಾಟ್ ಕ್ವೆರಿ ಅಂತ ಶುರುವಾಗುತ್ತೆ, ಹೊಸದ್ರಲ್ಲಿ ಮೊದಲು ಸೆಲೆಕ್ಟ್ ಕಟ್ಟಿ ಆಮೇಲೆ ಸೆಶನ್‌ಗೆ ಎಕ್ಸಿಕ್ಯೂಟ್ ಮಾಡು ಅಂತ ಕೊಡ್ತೀವಿ. ಮಾಡೆಲ್‌ನಲ್ಲೂ ಅಷ್ಟೇ, ಮೊದಲು ಬರೀ ಕಾಲಂ ಅಂತಿತ್ತು, ಈಗ ಮ್ಯಾಪ್ಡ್ ಅಂತ ಟೈಪ್ ಹಿಂಟ್ ಹಾಕಿ ಮ್ಯಾಪ್ಡ್ ಕಾಲಂ ಅಂತ ಬರೀತೀವಿ. ಹಳೇದು ಇನ್ನೂ ಓಡುತ್ತೆ, ಆದ್ರೆ ಹೊಸ ಪ್ರಾಜೆಕ್ಟಿಗೆ ಹಳೇ ಸ್ಟೈಲ್ ಹಾಕ್ಬೇಡಿ. ಎರಡನ್ನೂ ಕಲಸಿ ಚಿತ್ರಾನ್ನ ಮಾಡಿರೋ ಕೋಡ್‌ಬೇಸ್ ಒಂದನ್ನ ನಾನು ಒಂದು ವರ್ಷ ನೋಡ್ಕೊಂಡಿದೀನಿ, ಶತ್ರುಗೂ ಬೇಡ.

ಸೆಶನ್ ಅಂದ್ರೆ ಏನು? ಕನೆಕ್ಷನ್ನೇ ತಾನೆ?

ಅಲ್ಲ, ಎಲ್ಲರೂ ಎಡವೋದು ಇಲ್ಲೇ. ಕನೆಕ್ಷನ್ ಅಂದ್ರೆ ಡೇಟಾಬೇಸ್‌ಗೆ ಹೋಗೋ ದಾರಿ ಅಷ್ಟೆ. ಸೆಶನ್ ಅಂದ್ರೆ ಡೈರಿಯಲ್ಲಿ ಹಾಲು ಅಳೆಯೋನ ಮುಂದಿರೋ ಕಚ್ಚಾ ಪುಸ್ತಕ ಇದ್ಯಲ್ಲ, ಅದು. ಯಾರು ಬಂದ್ರು, ಯಾರದ್ದು ತಿದ್ದಿದ್ದು, ಯಾರದ್ದು ಹೊಡೆದು ಹಾಕಿದ್ದು ಎಲ್ಲ ಮೊದಲು ಅದರಲ್ಲಿ ಬರುತ್ತೆ, ಆಮೇಲೆ ಒಟ್ಟಿಗೆ ಲೆಡ್ಜರ್‌ಗೆ ಏರಿಸ್ತಾರೆ. ನೀವು ಒಬ್ಬ ಸದಸ್ಯನ ಫೋನ್ ನಂಬರ್ ಬದಲಾಯಿಸಿದ ತಕ್ಷಣ ಏನೂ ಹೋಗಲ್ಲ, ಸೆಶನ್ ಸುಮ್ನೆ ಗುರುತು ಹಾಕ್ಕೊಳುತ್ತೆ, ಫ್ಲಷ್ ಆದಾಗ ಏನೇನು ಬದಲಾಗಿದೆ ನೋಡಿ, ಯಾವುದು ಮೊದಲು ಹೋಗ್ಬೇಕು ಅಂತ ತಾನೇ ಸಾಲು ಹಚ್ಚಿ, ಸದಸ್ಯ ಮೊದಲು ಹಾಲಿನ ಎಂಟ್ರಿ ಆಮೇಲೆ ಅಂತ ಕಳಿಸುತ್ತೆ. ಇದರ ಹೆಸರು ಯೂನಿಟ್ ಆಫ್ ವರ್ಕ್.

ಫ್ಲಷ್ಷೂ ಕಮಿಟ್ಟೂ ಒಂದೇ ಅಲ್ಲ. ಫ್ಲಷ್‌ನಲ್ಲಿ ಎಸ್‌ಕ್ಯೂಎಲ್ ಹೋಗುತ್ತೆ, ಆದ್ರೆ ಟ್ರಾನ್ಸಾಕ್ಷನ್ ಓಪನ್ನೇ ಇರುತ್ತೆ, ರೋಲ್‌ಬ್ಯಾಕ್ ಮಾಡಿದ್ರೆ ಎಲ್ಲ ವಾಪಸ್. ಕಮಿಟ್ ಆದ್ಮೇಲೆ ಮುಗೀತು. ಹೊಸ ಸದಸ್ಯನ ಐಡಿ ಬೇಕು ಅಂತ ಮಧ್ಯದಲ್ಲೇ ಕಮಿಟ್ ಮಾಡೋರನ್ನ ತುಂಬ ನೋಡಿದೀನಿ, ಅಲ್ಲಿ ಫ್ಲಷ್ ಸಾಕು. ಅರ್ಧದಲ್ಲಿ ಕಮಿಟ್ ಮಾಡಿ ಮುಂದಿನ ಸಾಲಲ್ಲಿ ಎರರ್ ಬಂದ್ರೆ ಅರ್ಧಂಬರ್ಧ ಡೇಟಾ ಉಳ್ಕೊಳುತ್ತೆ.

ಇನ್ನೊಂದು, ಒಂದೇ ಸೆಶನ್‌ನಲ್ಲಿ ಸದಸ್ಯ ನಂಬರ್ 17ನ್ನ ಎರಡು ಸಲ ತರಿಸಿದ್ರೆ ಎರಡು ಆಬ್ಜೆಕ್ಟ್ ಬರಲ್ಲ, ಅದೇ ಆಬ್ಜೆಕ್ಟ್ ಬರುತ್ತೆ, ಐಡೆಂಟಿಟಿ ಮ್ಯಾಪ್ ಅಂತ ಇದೆ ಒಳಗೆ. ಒಳ್ಳೇದೇ, ಆದ್ರೆ ಮಧ್ಯದಲ್ಲಿ ಬೇರೆ ಯಾರೋ ಡೇಟಾಬೇಸ್‌ನಲ್ಲಿ ಬದಲಾಯಿಸಿದ್ರೆ ನಿಮ್ಮ ಆಬ್ಜೆಕ್ಟ್ ಹಳೇದೇ ತೋರಿಸ್ತಾ ಕೂತಿರುತ್ತೆ. ಸೆಶನ್‌ನ ಬೆಳಿಗ್ಗೆಯಿಂದ ಸಂಜೆವರೆಗೂ ತೆರೆದಿಡಬೇಡಿ ಅನ್ನೋದು ಇದಕ್ಕೆ. ವೆಬ್ ಆಪ್ ಆದ್ರೆ ಒಂದು ರಿಕ್ವೆಸ್ಟಿಗೆ ಒಂದು ಸೆಶನ್, ಮುಗಿದ ಮೇಲೆ ಕ್ಲೋಸ್. ಎರಡು ಥ್ರೆಡ್ ಮಧ್ಯ ಒಂದೇ ಸೆಶನ್ ಹಂಚ್ಕೊಳ್ಳೋದು ಬೇಡವೇ ಬೇಡ.

ಪೇಜ್ ಲೋಡ್ ಆಗೋಕೆ ಹತ್ತು ಸೆಕೆಂಡ್ ತಗೋತಿದೆ, ಡೇಟಾಬೇಸ್ ಸ್ಲೋ ಇದ್ಯಾ?

ಡೇಟಾಬೇಸ್ ಮೇಲೆ ಗೂಬೆ ಕೂರಿಸೋ ಮುಂಚೆ ಎಕೋ ಆನ್ ಮಾಡಿ ಎಷ್ಟು ಕ್ವೆರಿ (ಡೇಟಾಬೇಸ್‌ಗೆ ಕಳಿಸೋ ಒಂದೊಂದು ಎಸ್‌ಕ್ಯೂಎಲ್) ಹೋಗ್ತಿದೆ ಎಣಿಸಿ.

ನನ್ನ ಕಥೆ ಹೇಳ್ತೀನಿ. ಹತ್ತು ದಿನಕ್ಕೊಂದು ಸಲ ಬಟವಾಡೆ, ಅವತ್ತು ಎಲ್ಲಾ ಸದಸ್ಯರ ಹೆಸರು ಮುಂದೆ ಇಷ್ಟು ರೂಪಾಯಿ ಅಂತ ಲಿಸ್ಟ್ ಬೇಕು. ನಾನು ಏನ್ ಬರೆದಿದ್ದೆ ಅಂದ್ರೆ, ಎಲ್ಲಾ ಸದಸ್ಯರನ್ನ ತರ್ಸು, ಪ್ರತಿ ಸದಸ್ಯನಿಗೆ ಲೂಪ್ ಹಾಕು, ಅವನ ಹಾಲಿನ ಎಂಟ್ರಿಗಳನ್ನ ಕೂಡು. ಲ್ಯಾಪ್‌ಟಾಪಲ್ಲಿ ಐದು ಜನ ಸದಸ್ಯರನ್ನ ಇಟ್ಕೊಂಡು ಟೆಸ್ಟ್ ಮಾಡಿದ್ದು, ಕಣ್ಣು ಮಿಟುಕಿಸೋದ್ರೊಳಗೆ ಬಂತು. ಊರಲ್ಲಿ ಸದಸ್ಯರು 212. ಸದಸ್ಯರನ್ನ ತರೋಕೆ ಒಂದು ಕ್ವೆರಿ, ಆಮೇಲೆ ಒಬ್ಬೊಬ್ಬರ ಎಂಟ್ರಿ ಮುಟ್ಟಿದಾಗಲೂ ಒಂದೊಂದು, ಒಟ್ಟು 213. ಡೇಟಾಬೇಸ್ ಬೇರೆ ಊರಿನ ಸರ್ವರ್‌ನಲ್ಲಿ, ಹಳ್ಳಿ ನೆಟ್‌ವರ್ಕು, ಹೋಗಿ ಬರೋಕೇ ಸಮಯ. ಚಿಕ್ಕಪ್ಪ ಫೋನ್ ಮಾಡಿ, ಮಗಾ ನಿನ್ನ ಕಂಪ್ಯೂಟರ್ ಲೆಕ್ಕ ಮುಗಿಸೋದ್ರೊಳಗೆ ನಾನು ಕೈಯಲ್ಲಿ ಕೂಡಿ ಮುಗಿಸ್ತೀನಿ ಅಂದ್ರು. ಇದಕ್ಕೇ ಎನ್ ಪ್ಲಸ್ ಒನ್ ಅನ್ನೋದು. ರಿಲೇಶನ್‌ಶಿಪ್, ಅಂದ್ರೆ ಸದಸ್ಯನಿಂದ ಅವನ ಎಂಟ್ರಿಗಳಿಗಿರೋ ಕೊಂಡಿ, ಬೈ ಡಿಫಾಲ್ಟ್ ಲೇಜಿ ಆಗಿರುತ್ತೆ, ಅಂದ್ರೆ ಮುಟ್ಟೋವರೆಗೂ ತರಿಸಲ್ಲ, ಒಬ್ಬೊಬ್ಬರದ್ದೂ ಮೊದಲ ಸಲ ಮುಟ್ಟಿದಾಗ ಓಡುತ್ತೆ.

ಮೊದಲ ರಿಪೇರಿ ಸೆಲೆಕ್ಟ್‌ಇನ್‌ಲೋಡ್. ಸದಸ್ಯರನ್ನ ತಂದ ಮೇಲೆ ಅವರ ಐಡಿಗಳನ್ನೆಲ್ಲ ಸೇರಿಸಿ ಇವರೆಲ್ಲರ ಹಾಲಿನ ಎಂಟ್ರಿ ಕೊಡು ಅಂತ ಒಂದೇ ಕ್ವೆರಿ ಹಾಕುತ್ತೆ, ಒಂದು ಸಲಕ್ಕೆ 500 ಐಡಿವರೆಗೆ. 213 ಇದ್ದಿದ್ದು 2 ಆಯ್ತು. ಜಾಯ್ನ್ಡ್‌ಲೋಡ್ ಅಂತ ಇನ್ನೊಂದಿದೆ, ಅದು ಜಾಯಿನ್ ಮಾಡಿ ಒಂದೇ ಕ್ವೆರಿಯಲ್ಲಿ ತರುತ್ತೆ. ಎಂಟ್ರಿಯಿಂದ ಸದಸ್ಯನ ಕಡೆ ಹೋಗೋವಾಗ, ಅಂದ್ರೆ ಆ ಕಡೆ ಒಂದೇ ರೋ ಇದ್ದಾಗ, ಅದು ಚೆನ್ನಾಗಿರುತ್ತೆ. ಲಿಸ್ಟ್ ಕಡೆ ಹೋದ್ರೆ ಪ್ರತಿ ಎಂಟ್ರಿಗೂ ಸದಸ್ಯನ ಹೆಸರು ವಿಳಾಸ ಎಲ್ಲ ರಿಪೀಟ್ ಆಗಿ ಬರುತ್ತೆ, ಹತ್ತು ದಿನ, ದಿನಕ್ಕೆರಡು ಹೊತ್ತು, ಅಂದ್ರೆ ಒಬ್ಬರಿಗೆ 20, ಒಟ್ಟು 4240 ರೋ. 2.0ದಲ್ಲಿ ಯೂನಿಕ್ ಅಂತ ಕರೀದೇ ಇದ್ರೆ ಎರರ್ರೇ ಕೊಡುತ್ತೆ.

ಆದ್ರೆ ನಿಜವಾದ ರಿಪೇರಿ ಎರಡೂ ಅಲ್ಲ, ನನಗೆ ಇದು ಹೊಳೆಯೋಕೆ ಒಂದು ವಾರ ಬೇಕಾಯ್ತು. ನನಗೆ ಬೇಕಿದ್ದಿದ್ದು ಎಂಟ್ರಿಗಳಲ್ಲ, ಮೊತ್ತ. ಲೀಟರ್‌ನ ರೇಟಿಂದ ಗುಣಿಸಿ ಸಮ್ ಮಾಡು, ಸದಸ್ಯರ ಪ್ರಕಾರ ಗ್ರೂಪ್ ಬೈ ಮಾಡು ಅಂದ್ರೆ ಡೇಟಾಬೇಸೇ ಕೂಡಿ 212 ಸಾಲು ಕೊಡುತ್ತೆ, ಒಂದೇ ಕ್ವೆರಿ, ಎಂಟ್ರಿ ಆಬ್ಜೆಕ್ಟ್‌ಗಳ ಗೊಡವೆನೇ ಇಲ್ಲ. ಓಆರ್‌ಎಂ ಕೈಗೆ ಸಿಕ್ಕಿದೆ ಅಂತ ಎಲ್ಲಾದಕ್ಕೂ ಆಬ್ಜೆಕ್ಟ್ ತರಿಸ್ಕೊಂಡು ಪೈಥಾನ್‌ನಲ್ಲಿ ಲೂಪ್ ಹೊಡೀತಾ ಕೂರೋದು ಕಣಜದ ಭತ್ತನೆಲ್ಲ ಮನೆಗೆ ಹೊತ್ಕೊಂಡು ಬಂದು ಅಳೆದ ಹಾಗೆ.

ಮತ್ತೆ ತಪ್ಪದೇ ಇರೋಕೆ, ರಿಲೇಶನ್‌ಶಿಪ್‌ಗೆ ಲೇಜಿ ಜಾಗದಲ್ಲಿ ರೈಸ್ ಅಂತ ಕೊಡಬಹುದು, ಮೊದಲೇ ಲೋಡ್ ಮಾಡದೇ ಮುಟ್ಟಿದ್ರೆ ಎರರ್ ಎಸೆಯುತ್ತೆ. ನಾನೀಗ ಹೊಸ ಪ್ರಾಜೆಕ್ಟಲ್ಲೆಲ್ಲ ಹೀಗೇ ಮಾಡೋದು.

ಡಿಟ್ಯಾಚ್ಡ್ ಇನ್‌ಸ್ಟನ್ಸ್ ಎರರ್ ಅಂತ ಬರ್ತಿದೆ, ಆಬ್ಜೆಕ್ಟ್ ಕೈಯಲ್ಲೇ ಇದೆ ಆದ್ರೂ

ಕೈಯಲ್ಲಿದೆ, ಆದ್ರೆ ಸೆಶನ್ ಕ್ಲೋಸ್ ಆಗಿದೆ. ಲೇಜಿ ಆಗಿರೋದನ್ನ ತರೋಕೆ ಅದಕ್ಕೆ ಈಗ ದಾರಿ ಇಲ್ಲ. ಕಮಿಟ್ ಆದ್ಮೇಲಂತೂ ಆಬ್ಜೆಕ್ಟಿನ ಎಲ್ಲಾ ಆಟ್ರಿಬ್ಯೂಟ್‌ಗಳೂ ಎಕ್ಸ್‌ಪೈರ್ ಆಗ್ತವೆ, ಬರೀ ಹೆಸರು ಓದೋಕೆ ಹೋದ್ರೂ ಮತ್ತೆ ಡೇಟಾಬೇಸ್‌ಗೆ ಹೋಗ್ಬೇಕು. ಎಕ್ಸ್‌ಪೈರ್ ಆನ್ ಕಮಿಟ್ ಅನ್ನೋದನ್ನ ಫಾಲ್ಸ್ ಮಾಡಬಹುದು, ಅಥವಾ ಬೇಕಾದ್ದನ್ನೆಲ್ಲ ಸೆಶನ್ ಒಳಗಿದ್ದಾಗಲೇ ತೆಗೆದು ಸಾದಾ ಡಿಕ್ಷನರಿನೋ ಪೈಡ್ಯಾಂಟಿಕ್ ಆಬ್ಜೆಕ್ಟೋ ಮಾಡಿ ಹೊರಗೆ ಕಳಿಸಿ. ಎರಡನೇದು ವಾಸಿ.

ಸದಸ್ಯನನ್ನ ಡಿಲೀಟ್ ಮಾಡಿದ್ರೆ ಇಂಟೆಗ್ರಿಟಿ ಎರರ್ ಯಾಕೆ?

ಕ್ಯಾಸ್ಕೇಡ್, ಅಂದ್ರೆ ಸದಸ್ಯ ಹೋದ್ರೆ ಅವನ ಎಂಟ್ರಿಗಳನ್ನ ಏನು ಮಾಡ್ಬೇಕು ಅಂತ, ಹೇಳಿಲ್ಲ ಅದಕ್ಕೆ. ಬೈ ಡಿಫಾಲ್ಟ್ ಎಸ್‌ಕ್ಯೂಎಲ್‌ಆಲ್ಕೆಮಿ ಮಕ್ಕಳನ್ನ (ಇಲ್ಲಿ ಹಾಲಿನ ಎಂಟ್ರಿಗಳನ್ನ) ಅಳಿಸಲ್ಲ, ಅವರ ಫಾರಿನ್ ಕೀನ ನಲ್ ಮಾಡೋಕೆ ನೋಡುತ್ತೆ, ಆ ಕಾಲಂ ನಾಟ್ ನಲ್ ಆಗಿದ್ರೆ ಡೇಟಾಬೇಸ್ ಬೈಯುತ್ತೆ. ಕ್ಯಾಸ್ಕೇಡ್‌ಗೆ ಆಲ್, ಡಿಲೀಟ್ ಆರ್ಫನ್ ಅಂತ ಕೊಟ್ರೆ ಎಂಟ್ರಿಗಳೂ ಹೋಗ್ತವೆ. ಕೊಡೋ ಮುಂಚೆ ಯೋಚನೆ ಮಾಡಿ, ಸದಸ್ಯ ಡೈರಿ ಬಿಟ್ಟ ಅಂತ ಅವನು ಹಾಕಿದ ಹಾಲಿನ ಲೆಕ್ಕನೂ ಅಳಿಸಿದ್ರೆ ಆಡಿಟ್‌ನಲ್ಲಿ ಏನು ತೋರಿಸ್ತೀರಿ? ನಾನು ಡಿಲೀಟ್ ಮಾಡದೇ ಸಕ್ರಿಯ ಅಂತ ಒಂದು ಟ್ರೂ ಫಾಲ್ಸ್ ಕಾಲಂ ಇಟ್ಟೆ.

ಎಸ್‌ಕ್ಯೂಲೈಟ್‌ನಲ್ಲಿ (ಒಂದೇ ಫೈಲಲ್ಲಿರೋ ಪುಟ್ಟ ಡೇಟಾಬೇಸ್) ಟೆಸ್ಟ್ ಮಾಡೋರಿಗೆ: ಅಲ್ಲಿ ಫಾರಿನ್ ಕೀ ಚೆಕ್ ಬೈ ಡಿಫಾಲ್ಟ್ ಆಫ್. ಪ್ರತಿ ಕನೆಕ್ಷನ್‌ನಲ್ಲೂ ಪ್ರಾಗ್ಮಾ ಅನ್ನೋ ಕಮಾಂಡ್ ಹಾಕಿ ಆನ್ ಮಾಡ್ಬೇಕು, ಇಲ್ಲಾಂದ್ರೆ ಟೆಸ್ಟಲ್ಲಿ ಎಲ್ಲ ಪಾಸು, ಪೋಸ್ಟ್‌ಗ್ರೆಸ್ ಥರದ ದೊಡ್ಡ ಡೇಟಾಬೇಸ್‌ಗೆ ಹೋದ ದಿನ ಫೇಲು.

ದುಡ್ಡಿಗೆ ಫ್ಲೋಟ್ ಹಾಕಬಹುದಾ?

ಬೇಡ, ನ್ಯೂಮೆರಿಕ್ ಹಾಕಿ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿದ್ರೆ 0.30000000000000004 ಬರುತ್ತೆ, ಒಂದು ಪೈಸೆ ಆಚೀಚೆ ಆದ್ರೂ ಡೈರಿ ಮುಂದೆ ಪಂಚಾಯ್ತಿ ಸೇರುತ್ತೆ. ಎಸ್‌ಕ್ಯೂಲೈಟ್ ಆದ್ರೆ ಅದಕ್ಕೆ ಡೆಸಿಮಲ್ ಟೈಪೇ ಇಲ್ಲ, ಅಲ್ಲಿ ಪೈಸೆ ಲೆಕ್ಕದಲ್ಲಿ ಇಂಟೀಜರ್ ಇಡೋದು ಸೇಫು.

ಎಲ್ಲಾ ಎಂಟ್ರಿಗೂ ಒಂದೇ ಟೈಮ್ ಬೀಳ್ತಿದೆ

ಟೈಮ್ ಕಾಲಂನ ಡಿಫಾಲ್ಟ್‌ಗೆ ಫಂಕ್ಷನ್ ಹೆಸರು ಕೊಡೋ ಬದಲು ಮುಂದೆ ಬ್ರಾಕೆಟ್ ಹಾಕಿ ಕರೆದುಬಿಟ್ಟಿದೀರ. ಆಪ್ ಶುರುವಾದ ಕ್ಷಣದ ಟೈಮ್ ಒಂದೇ ಸಲ ಲೆಕ್ಕ ಆಗಿ ಅದೇ ಎಲ್ಲಾರಿಗೂ ಅಂಟ್ಕೊಳುತ್ತೆ. ನಮ್ಮ ಡೈರಿಯಲ್ಲಿ ಮೂರು ದಿನ ಎಲ್ಲರೂ ಬೆಳಿಗ್ಗೆ 5:42ಕ್ಕೇ ಹಾಲು ಹಾಕಿದ್ರು, ಸಾಯಂಕಾಲದ ಹಾಲೂ ಸೇರಿ. ಬ್ರಾಕೆಟ್ ತೆಗೀರಿ, ಅಥವಾ ಸರ್ವರ್ ಡಿಫಾಲ್ಟ್ ಕೊಟ್ಟು ಟೈಮ್ ಹಾಕೋ ಕೆಲಸ ಡೇಟಾಬೇಸ್‌ಗೇ ಬಿಡಿ.

ಮಾಡೆಲ್‌ಗೆ ಹೊಸ ಕಾಲಂ ಸೇರಿಸಿದೆ, ಟೇಬಲ್‌ನಲ್ಲಿ ಬರ್ತಿಲ್ಲ

ಕ್ರಿಯೇಟ್ ಆಲ್ ಅನ್ನೋದು ಇಲ್ಲದ ಟೇಬಲ್‌ನ ಮಾತ್ರ ಮಾಡುತ್ತೆ, ಇರೋದನ್ನ ಮುಟ್ಟಲ್ಲ. ಅದಕ್ಕೆ ಅಲೆಂಬಿಕ್ ಅನ್ನೋ ಟೂಲ್ ಬೇಕು, ಅದೂ ಮೈಕ್ ಬೇಯರ್‌ದೇ. ಆಟೋಜನರೇಟ್ ಅಂದ್ರೆ ನಿಮ್ಮ ಮಾಡೆಲ್ಲನ್ನೂ ಡೇಟಾಬೇಸನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದು ಕೊಡುತ್ತೆ.

ಒಂದು ಎಚ್ಚರಿಕೆ. ಕಾಲಂ ಹೆಸರು ಬದಲಾಯಿಸಿದ್ರೆ ಅದಕ್ಕೆ ಗೊತ್ತಾಗಲ್ಲ. ಫೋನ್ ಅಂತಿದ್ದಿದ್ದನ್ನ ಮೊಬೈಲ್ ಅಂತ ಮಾಡಿದ್ರೆ ಹಳೇದು ಡ್ರಾಪ್, ಹೊಸದು ಆಡ್ ಅಂತ ಬರೆಯುತ್ತೆ, ಓದದೇ ಓಡಿಸಿದ್ರೆ ಎಲ್ಲಾ ಫೋನ್ ನಂಬರೂ ಗಾಳಿಗೆ. ಒಂದು ಆಫೀಸಲ್ಲಿ ಕೆಲಸ ಮಾಡ್ತಿದ್ದಾಗ ಇದು ಶುಕ್ರವಾರ ಸಂಜೆ ಆಯ್ತು, ಬ್ಯಾಕಪ್ ಇದ್ದಿದ್ದಕ್ಕೆ ಬಚಾವ್. ಜನರೇಟ್ ಆದ ಫೈಲ್ ತೆಗೆದು ಕೈಯಾರೆ ರಿನೇಮ್ ಅಂತ ತಿದ್ದಿ, ಆಮೇಲೆ ಓಡಿಸಿ.

ಕ್ಯೂಪೂಲ್ ಲಿಮಿಟ್ ಆಫ್ ಸೈಜ್ 5 ಓವರ್‌ಫ್ಲೋ 10 ರೀಚ್ಡ್ ಅಂತ ಎರರ್, ಸೈಜ್ ಜಾಸ್ತಿ ಮಾಡ್ಲಾ?

ಮೊದಲು ಲೀಕ್ ಹುಡುಕಿ. ಪೂಲ್ ಅಂದ್ರೆ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು, ಅದರ ಡಿಫಾಲ್ಟ್ ಲೆಕ್ಕ ಇಷ್ಟು: 5 ಕನೆಕ್ಷನ್ ಖಾಯಂ, ಜನ ಜಾಸ್ತಿ ಆದ್ರೆ ಇನ್ನೂ 10, ಅದೂ ತುಂಬಿದ್ರೆ 30 ಸೆಕೆಂಡ್ ಕಾಯುತ್ತೆ, ಆಮೇಲೆ ಈ ಎರರ್. ಚಿಕ್ಕ ಆಪ್‌ಗೆ 15 ಸಾಲಲ್ಲ ಅಂದ್ರೆ ಎಲ್ಲೋ ಸೆಶನ್ ತೆಗೆದು ಮುಚ್ಚಿಲ್ಲ ಅಂತಲೇ ಅರ್ಥ. ವಿತ್ ಬ್ಲಾಕ್ ಒಳಗೆ ಸೆಶನ್ ತೆರೆದ್ರೆ ಈ ರಗಳೆನೇ ಇಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಬೆಳಿಗ್ಗೆ ಮೊದಲ ರಿಕ್ವೆಸ್ಟ್ ಮಾತ್ರ ಸರ್ವರ್ ಹ್ಯಾಸ್ ಗಾನ್ ಅವೇ ಅಂತ ಬೀಳೋದು ಬೇರೆ ಕೇಸು. ಮೈಎಸ್‌ಕ್ಯೂಎಲ್ ಡೇಟಾಬೇಸ್ ಸುಮ್ನೆ ಕೂತಿರೋ ಕನೆಕ್ಷನ್‌ನ ಡಿಫಾಲ್ಟ್ ಆಗಿ 28800 ಸೆಕೆಂಡ್, ಅಂದ್ರೆ 8 ಗಂಟೆ ಆದ್ಮೇಲೆ ಕಟ್ ಮಾಡುತ್ತೆ, ಪೂಲ್‌ಗೆ ಅದು ಗೊತ್ತಿರಲ್ಲ. ಪೂಲ್ ಪ್ರೀ ಪಿಂಗ್ ಟ್ರೂ ಮಾಡಿ, ಕೊಡೋ ಮುಂಚೆ ಒಂದ್ಸಲ ಜೀವ ಇದ್ಯಾ ಅಂತ ತಟ್ಟಿ ನೋಡುತ್ತೆ.

ಅಸಿಂಕ್ ಹಾಕಿದ್ರೆ ಸ್ಪೀಡ್ ಆಗುತ್ತಾ?

ಅಸಿಂಕ್ ಅಂದ್ರೆ ಒಂದು ಕೆಲಸದ ಉತ್ತರಕ್ಕೆ ಕಾಯೋವಾಗ ಬೇರೆ ಕೆಲಸ ನಡೆಸೋ ರೀತಿ. ನಿಮ್ಮ ಕ್ವೆರಿ ಸ್ಪೀಡ್ ಆಗಲ್ಲ. ಒಂದೇ ಪ್ರೊಸೆಸ್ ಜಾಸ್ತಿ ಜನರ ರಿಕ್ವೆಸ್ಟ್ ಒಟ್ಟಿಗೆ ನೋಡ್ಕೋಬಹುದು, ಅಷ್ಟೆ. ಎಸ್‌ಕ್ಯೂಎಲ್‌ಆಲ್ಕೆಮಿ 1.4ರಿಂದ ಅಸಿಂಕ್ ಸೆಶನ್ ಇದೆ, ಆದ್ರೆ ಅಲ್ಲಿ ಲೇಜಿ ಲೋಡ್ ನಡಿಯಲ್ಲ, ಮಿಸ್ಸಿಂಗ್ ಗ್ರೀನ್‌ಲೆಟ್ ಅಂತ ಎರರ್ ಬರುತ್ತೆ. ಎಲ್ಲಾನೂ ಮೊದಲೇ ಸೆಲೆಕ್ಟ್‌ಇನ್‌ಲೋಡ್ ಹಾಕಿ ತರಬೇಕು.

ಒಂದೇ ಹೆಸರು ಎರಡು ಸಲ ಸೇರಿದೆ, ಯೂನಿಕ್ ಹಾಕಿದ್ರೂ!

ಕನ್ನಡದ ಹೆಸರಾ? ಹಾಗಾದ್ರೆ ಇದು ನನ್ನ ಪ್ರೀತಿಯ ಪ್ರಶ್ನೆ. ಯೂನಿಕೋಡ್‌ನಲ್ಲಿ ಕೊ ಅನ್ನೋದರ ಒತ್ವನ ಒಂದೇ ಅಕ್ಷರಸಂಕೇತವಾಗಿ ಇಡಬಹುದು, ಇಲ್ಲಾ ಎತ್ವ ಮತ್ತೆ ಊಕಾರದ ಚಿಹ್ನೆ ಅಂತ ಎರಡಾಗಿ ಒಡೆದೂ ಇಡಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಬೈಟ್ ಲೆಕ್ಕದಲ್ಲಿ ಬೇರೆ ಬೇರೆ. ಕೀ ದೀರ್ಘಕ್ಕೂ ಇದೇ ಕಥೆ. ಹಾಗಾಗಿ ಕೊಟ್ರೇಶಿ ಅಂತ ಒಬ್ಬರು ಫೋನಿಂದ, ಇನ್ನೊಬ್ಬರು ಹಳೇ ಸಾಫ್ಟ್‌ವೇರಿಂದ ಕನ್ವರ್ಟ್ ಮಾಡಿದ ಫೈಲಿಂದ ಸೇರಿಸಿದ್ರೆ ಇಬ್ಬರು ಕೊಟ್ರೇಶಿ ಆಗಬಹುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ನಾರ್ಮಲೈಸ್ ಇದೆ, ಎನ್‌ಎಫ್‌ಸಿ (ಒಡೆದಿದ್ದನ್ನ ಕೂಡಿಸಿ ಒಂದೇ ಸಂಕೇತ ಮಾಡೋ ರೂಪ) ಅಂತ ಕೊಡಿ, ಅದನ್ನ ಮಾಡೆಲ್‌ನಲ್ಲಿ ವ್ಯಾಲಿಡೇಟ್ಸ್ ಡೆಕೋರೇಟರ್ ಹಾಕಿ ಕೂರಿಸಿದ್ರೆ ಆಬ್ಜೆಕ್ಟ್ ಮೂಲಕ ಒಳಗೆ ಬರೋ ಪ್ರತಿ ಹೆಸರೂ ಒಂದೇ ರೂಪಕ್ಕೆ ಬರುತ್ತೆ. ಹುಡುಕೋವಾಗಲೂ ಹುಡುಕೋ ಪದನ ಹಾಗೇ ಮಾಡ್ಬೇಕು, ಮರೀಬೇಡಿ. ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯ್ನರ್ ಮಾತ್ರ ಎನ್‌ಎಫ್‌ಸಿ ಮಾಡಿದ್ರೂ ಹೋಗಲ್ಲ, ಅದಕ್ಕೆ ಬೇರೆ ಯೋಚನೆ ಮಾಡ್ಬೇಕು.

ಉದ್ದದ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಲಕ್ಷ್ಮಿ ಅಂದ್ರೆ ನಮಗೆ ಎರಡಕ್ಷರ, ಸ್ಟ್ರಿಂಗ್ ಲೆಕ್ಕದಲ್ಲಿ 7, ಯುಟಿಎಫ್ 8ರಲ್ಲಿ 21 ಬೈಟ್. ಹೆಸರಿಗೆ 20 ಸಾಕು ಅಂತ ಇಂಗ್ಲಿಷ್ ಲೆಕ್ಕದಲ್ಲಿ ಇಡಬೇಡಿ, ಮೂರು ಪದದ ಹೆಸರಿರೋರು ಅರ್ಧಕ್ಕೇ ಸಿಕ್ಕಿ ಹಾಕ್ಕೋತಾರೆ.

ಕ್ಲಾಸು, ಕಾಲಂ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ?

ಇಡಬಹುದು. ಪೈಥಾನ್ 3ರಲ್ಲಿ ಕ್ಲಾಸ್ ಸದಸ್ಯ ಅಂತ ಕನ್ನಡ ಲಿಪಿಯಲ್ಲೇ ಬರೆದ್ರೂ ಓಡುತ್ತೆ, ಎಸ್‌ಕ್ಯೂಎಲ್‌ಆಲ್ಕೆಮಿ ಆ ಹೆಸರನ್ನ ಕೋಟ್ ಹಾಕಿ ಡೇಟಾಬೇಸ್‌ಗೆ ಕಳಿಸುತ್ತೆ. ನಾನು ಡೈರಿ ಆಪ್‌ನಲ್ಲಿ ಹುರುಪಲ್ಲಿ ಹೀಗೇ ಶುರು ಮಾಡಿದ್ದೆ. ಮೊದಲ ಅಡ್ಡಿ, ಅರ್ಧ ಅಕ್ಷರ ಬಿಡಿಸಿ ಬರೆಯೋಕೆ ಹಾಕೋ ಆ ಕಾಣದ ನಾನ್ ಜಾಯ್ನರ್ ಪೈಥಾನ್ ಹೆಸರಲ್ಲಿ ನಡಿಯಲ್ಲ, ಸಿಂಟ್ಯಾಕ್ಸ್ ಎರರ್. ಎರಡನೇದು, ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟ್ ಮಿತಿ, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಅಂದ್ರೆ ಕೊಂಬು ಒತ್ತು ಎಲ್ಲಾ ಸೇರಿ 21ಕ್ಕೆ ಮುಗೀತು. ಕಾಲಂಗಳು ಅದರಲ್ಲಿ ಹಿಡಿದ್ವು, ಟೇಬಲ್ ಹೆಸರು ಕಾಲಂ ಹೆಸರು ಸೇರಿ ಆಗೋ ಇಂಡೆಕ್ಸ್ ಹೆಸರುಗಳು ಹಿಡೀಲಿಲ್ಲ. ಕೊನೆಗೆ ಕ್ಲಾಸ್ ಹೆಸರು ಇಂಗ್ಲಿಷ್ ಮಾಡಿ, ಸ್ಕ್ರೀನ್ ಮೇಲೆ ಕಾಣೋದನ್ನೆಲ್ಲ ಕನ್ನಡದಲ್ಲೇ ಉಳಿಸ್ಕೊಂಡೆ. ಚಿಕ್ಕಪ್ಪನಿಗೆ ಕಾಣೋದು ಅದೇ ತಾನೆ.